ಮೂರಡಿ ದಾರಿಗೆ ಮೂರು ದಿನ

"ಇದಕ್ಕಿಂತ ಸರಿಯಾದದ್ದು ಯಾವ ಪೇಟೆಯಲ್ಲೂ ಸಿಗುವುದಿಲ್ಲ," ಎಂದು ಮುದ್ದಯ್ಯ ಕೈ ಚಾಚಿ ತೋರಿಸಿದ.

ಬೊಳ್ಳಮ್ಮನಿಗೆ ಕಂಡದ್ದು ಕೊಯ್ಲಾದ ಗದ್ದೆಯ ನಡುವೆ ನಿಂತ ಎರಡು ಹಳೇ ಕಿಟಕಿ ಚೌಕಟ್ಟು. ಗಾಜಿಲ್ಲ, ಸರಳಿಲ್ಲ, ಸುತ್ತ ತಾಮ್ರದ ತಂತಿ ಮಾತ್ರ ಬಿಗಿಯಾಗಿ ಸುತ್ತಿತ್ತು. ಒಂದಕ್ಕೂ ಇನ್ನೊಂದಕ್ಕೂ ಮೂರಡಿ ಅಂತರ. ನಡುವೆ ಒಂದು ಹಲಗೆ, ಹಲಗೆಯ ಮೇಲೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯ ಮೇಲೊಂದು ತಿರುಗಣೆ. ಪಕ್ಕದಲ್ಲಿ ಜೀಪಿನ ಬ್ಯಾಟರಿ. ಇದನ್ನು ನೋಡಲು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋವಿ ಹೊತ್ತು ಬರಬೇಕೆಂದು ಅವನು ಮೂರು ಸಲ ಹೇಳಿ ಕಳಿಸಿದ್ದ.

ಬೊಳ್ಳಮ್ಮ ಶಾಲೆಯಲ್ಲಿ ಡ್ರಿಲ್ ಟೀಚರ್, ಈಗ ಶಾಲೆಗೆ ರಜೆ. ವಯಸ್ಸು ನಲವತ್ತೇಳು, ಮದುವೆಯಾಗಿಲ್ಲ, ಅಣ್ಣ ಅತ್ತಿಗೆಯ ಮನೆಯಲ್ಲಿ ಇದ್ದಾಳೆ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕೊಡಗಿನ ಆ ಮೂಲೆಯಲ್ಲಿ ಅವಳ ಸಮಕ್ಕೆ ನಿಲ್ಲುವವರು ಇಬ್ಬರೋ ಮೂವರೋ. ಅವಳ ಕೋವಿಯ ತೋಟೆಗಳನ್ನು ತುಂಬಿಕೊಡುವವನು ಪಕ್ಕದ ಮನೆಯ ಮುದ್ದಯ್ಯ. ಮಿಲಿಟರಿಯಲ್ಲಿ ಕೋವಿ ರಿಪೇರಿ ಮಾಡಿ ನಿವೃತ್ತನಾದವನು, ಒಂಟಿ ಜೀವ. ಅವನೇ ಸೀಸ ಕರಗಿಸಿ ಗುಂಡು ಎರಕ ಹೊಯ್ಯುತ್ತಿದ್ದ, ಅವನೇ ಮದ್ದು ತೂಗುತ್ತಿದ್ದ, ತುಂಬಿದ ಮೇಲೆ ಪ್ರತಿ ತೋಟೆಯ ಬೆನ್ನಿಗೂ ಪೆನ್ಸಿಲಿನಲ್ಲಿ ಅವಳ ಹೆಸರಿನ ಮೊದಲಕ್ಷರ ಬರೆಯುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಹೀಗೆ. ಒಂದಕ್ಷರ ಬರೆದವನು ಮುಂದಿನ ಮಾತು ಎಂದಾದರೂ ಆಡಿಯಾನೆಂದು ಬೊಳ್ಳಮ್ಮ ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದಳು. ಆಸೆ ಬಿಟ್ಟೆ ಎಂದು ವರ್ಷಕ್ಕೊಮ್ಮೆ ತೀರ್ಮಾನ ಮಾಡುವಳು. ಮುಂದಿನ ತೋಟೆಯ ಪೆಟ್ಟಿಗೆ ಬಂದ ಕೂಡಲೇ ತೀರ್ಮಾನ ಕರಗುವುದು.

ಎರಡು ವರ್ಷದ ಹಿಂದೆ ಅವಳು ಒಂದೇ ಒಂದು ಕಾಯಿಯಿಂದ ಸೋತಳು. ಗುಂಡು ಒಂದು ಗೇಣು ಕೆಳಗೆ ಬಿತ್ತು. ತಪ್ಪು ಅವಳ ಕೈಯದ್ದಲ್ಲ, ತನ್ನ ಮದ್ದಿನದ್ದು, ಒಂದು ತೋಟೆ ಜೋರು ಇನ್ನೊಂದು ನಿಧಾನ ಆಗುತ್ತಿದೆ ಎಂದು ಮುದ್ದಯ್ಯ ಪಟ್ಟು ಹಿಡಿದ. ವೇಗ ಅಳೆಯುವ ಯಂತ್ರವೊಂದು ಬೇಕೇ ಬೇಕು ಎಂದ. ಆಮೇಲೆ ಆರಿಸಲು ಕುಳಿತ ನೋಡಿ!

ಒಂದು ಬಗೆಯದ್ದು ಮೇಲೆ ಹಾರುವ ಗುಂಡಿನ ನೆರಳು ಹಿಡಿದು ಅಳೆಯುತ್ತದಂತೆ. ನಮ್ಮೂರಲ್ಲಿ ಮೋಡ ಹಾದರೂ ಅದನ್ನು ಗುಂಡು ಎಂದುಕೊಂಡೀತು ಎಂದು ಅದನ್ನು ಬಿಟ್ಟ. ಇನ್ನೊಂದನ್ನು ನಳಿಗೆಯ ತುದಿಗೆ ಕಟ್ಟಬೇಕು. ಕೋವಿಯ ಮೂಗಿಗೆ ಭಾರ ಕಟ್ಟಿದರೆ ಗುಂಡು ಬೇರೆ ದಾರಿ ಹಿಡಿಯುತ್ತದೆ ಎಂದು ಅದನ್ನೂ ಬಿಟ್ಟ. ಮೂರನೆಯದು ರಾಡಾರ್. ಪಕ್ಕದಲ್ಲಿ ನಿಂತು ಹೊಡೆಯುವವನ ಗುಂಡನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡರೆ ಏನು ಗತಿ ಎಂದು ಎಂಟು ತಿಂಗಳು ಯೋಚಿಸಿದ. ಒಟ್ಟು ಎರಡು ವರ್ಷ ಕಳೆಯಿತು. ಮದುವೆಗೆ ಹೊರಟವನು ಚಪ್ಪಲಿ ಆರಿಸುತ್ತಾ ಮುಹೂರ್ತ ಕಳೆದುಕೊಂಡ ಹಾಗಾಯಿತು ಎಂದು ಬೊಳ್ಳಮ್ಮನ ಅತ್ತಿಗೆ ದೇಚಮ್ಮ ಊರಿಡೀ ಹೇಳಿಕೊಂಡು ಬಂದಳು. ಆ ಮಾತು ಬೊಳ್ಳಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಕೊನೆಗೆ ಯಾವುದನ್ನೂ ಕೊಳ್ಳದೆ ತಾನೇ ಮಾಡಿದ್ದು ಇದು. ಎಲ್ಲ ಕಂಪನಿಗಳೂ ಓಡುವ ಗುಂಡನ್ನು ಓಡುತ್ತಲೇ ಅಳೆಯಲು ಹೋಗಿ ಕೆಟ್ಟವಂತೆ. ಓಡುವವನನ್ನು ನಡೆಸಿದರೆ ಅಳೆಯುವುದು ಸುಲಭವಲ್ಲವೇ? ಮೊದಲ ಚೌಕಟ್ಟು ದಾಟಿದ ಕೂಡಲೇ ಒಳಗೆ ಕಾಲವೇ ನಿಧಾನವಾಗುತ್ತದೆ, ಗುಂಡು ಆರಾಮವಾಗಿ ನಡೆಯುತ್ತದೆ, ಗಡಿಯಾರ ಹಿಡಿದು ಅಳೆದು ಗುಣಿಸಿದರೆ ಆಯಿತು. ಎರಡನೇ ಚೌಕಟ್ಟು ದಾಟಿದರೆ ಮತ್ತೆ ಮೊದಲಿನ ವೇಗ.

"ಎಷ್ಟು ನಿಧಾನ?" ಎಂದಳು ಬೊಳ್ಳಮ್ಮ.

"ಸಾವಿರ ಪಟ್ಟು. ನೀವು ಹೊಡೀರಿ."

ಅವಳು ಹೊಡೆದಳು. ಶಬ್ದ ಬಂತು, ಹೊಗೆ ಬಂತು. ಆಚೆ ಕಟ್ಟಿದ ಮಣ್ಣಿನ ದಿಣ್ಣೆಯಲ್ಲಿ ಧೂಳೇಳಲಿಲ್ಲ, ಅದರ ಮೇಲಿಟ್ಟ ತೆಂಗಿನಕಾಯಿ ಅಲುಗಲಿಲ್ಲ. ಹೊಗೆ ಚದುರಿದ ಮೇಲೆ ನೋಡಿದರೆ ಗುಂಡು ಮೊದಲ ಚೌಕಟ್ಟಿನ ಒಳಗೆ ಒಂದು ನೂಲು ದಾಟಿ ಗಾಳಿಯಲ್ಲಿ ನಿಂತಿತ್ತು. ಮುದ್ದಯ್ಯ ಸ್ಕೇಲು ಹಿಡಿದು ಕುಳಿತ. ಒಂದು ಗಂಟೆ ಕಳೆದರೂ ಅದು ಅರ್ಧ ಇಂಚಿಗಿಂತ ಮುಂದೆ ಹೋಗಲಿಲ್ಲ. ತಿರುಗಣೆಯನ್ನು ಸಾವಿರಕ್ಕೆ ಇಡುವ ಬದಲು ಹತ್ತು ಕೋಟಿಗೆ ಇಟ್ಟದ್ದು ಆಗ ತಿಳಿಯಿತು. ಗುಂಡು ದಿನಕ್ಕೆ ಒಂದಡಿ ನಡೆಯುತ್ತಿತ್ತು.

ಹಾಗಾದರೆ ತಿರುಗಣೆ ಹಿಂದಕ್ಕೆ ತಿರುಗಿಸಿ ಎಂದಳು ಬೊಳ್ಳಮ್ಮ. ತಿರುಗಣೆ ಇರುವುದು ಚೌಕಟ್ಟುಗಳ ನಡುವೆ, ಒಳಗೆ ಹೋದ ಕೈ ಒಳಗಿನ ಕಾಲಕ್ಕೆ ಸೇರುತ್ತದೆ, ತಿರುಗಿಸಿ ಹೊರಗೆ ತೆಗೆಯಲು ಮೂರು ವರ್ಷ ಬೇಕು ಎಂದ ಮುದ್ದಯ್ಯ. ಬ್ಯಾಟರಿಯ ತಂತಿ ಕಿತ್ತು ನೋಡಿದ. ಡಬ್ಬಿಯೊಳಗೆ ಕರೆಂಟು ಕೂಡಿಡುವ ಕೆಪಾಸಿಟರ್ ಖಾಲಿಯಾಗುವುದು ಒಂದು ಕ್ಷಣದ ಕೆಲಸ, ಆದರೆ ಆ ಕ್ಷಣವೂ ಅಲ್ಲಿಯದ್ದೇ ತಾನೇ? ವರ್ಷಗಟ್ಟಲೆ ಆಗುತ್ತದೆ ಎಂದು ಲೆಕ್ಕ ಹಾಕಿದ. ಅಷ್ಟರಲ್ಲಿ ದೇಚಮ್ಮನ ಹುಂಜ ಕಾಳು ಹುಡುಕುತ್ತಾ ಬದಿಯಿಂದ ಚೌಕಟ್ಟುಗಳ ನಡುವೆ ಕಾಲಿಟ್ಟಿತು. ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು.

ದೇಚಮ್ಮ ಓಡಿ ಬಂದಳು. ಭಾನುವಾರ ಪಾತ್ರೆಗೆ ಬೀಳಬೇಕಾಗಿದ್ದ ಹುಂಜ ಅದು.

"ಮುದ್ದಯ್ಯಣ್ಣ, ನನ್ನ ಕೋಳಿ ಯಾವಾಗ ಹೊರಗೆ ಬರ್ತದೆ?"

"ಹೆಜ್ಜೆಗೆ ಮೂರು ವರ್ಷ. ನಾಲ್ಕು ಹೆಜ್ಜೆ ಇಡಬೇಕು."

"ಅಷ್ಟೊತ್ತಿಗೆ ಅದು ಬೇಯ್ತದಾ ಮಾರಾಯ್ರೆ?"

ಬೇಯುತ್ತದೆ, ಅದಕ್ಕೆ ಒಂದು ನಿಮಿಷವೂ ವಯಸ್ಸಾಗಿರುವುದಿಲ್ಲ, ಎಳೆಯದೇ ಇರುತ್ತದೆ ಎಂದು ಮುದ್ದಯ್ಯ ಸಮಾಧಾನ ಹೇಳಿದ. ನನ್ನ ಹಲ್ಲಿಗೆ ವಯಸ್ಸಾಗುವುದಿಲ್ಲವೇ ಎಂದು ದೇಚಮ್ಮ ಮಧ್ಯಾಹ್ನದವರೆಗೆ ಜಗಳವಾಡಿದಳು. ಊರವರು ಬಂದು ಹುಂಜವನ್ನೂ ಗುಂಡನ್ನೂ ನೋಡಿ ಹೋದರು. ಒಂದು ತೋಟೆಗೆ ಮೂರು ದಿನ, ಹತ್ತು ತೋಟೆ ಪರೀಕ್ಷೆ ಮಾಡಲು ಒಂದು ತಿಂಗಳು ಎಂದು ಮುದ್ದಯ್ಯ ಪುಸ್ತಕದಲ್ಲಿ ಬರೆದುಕೊಂಡ. ತಾಳ್ಮೆ ಇದ್ದರೆ ಇದೂ ಒಳ್ಳೆಯದೇ ಎಂದ.

ಬೊಳ್ಳಮ್ಮನಿಗೆ ಅಷ್ಟು ದಿನ ಇರಲಿಲ್ಲ. ಮೈಸೂರಿನಲ್ಲಿ ಹುಡುಗಿಯರಿಗೆ ಶೂಟಿಂಗ್ ಕಲಿಸುವ ಕೇಂದ್ರದವರು ಅವಳನ್ನು ಕರೆದಿದ್ದರು. ಇರಲು ಮನೆಯನ್ನೂ ಅವರೇ ಕೊಡುತ್ತಾರೆ. ಬರುತ್ತೀರೋ ಇಲ್ಲವೋ ಎಂದು ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿ ಕೇಳುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಹೋದರೆ ವಾಪಸು ಬರುವ ಮಾತಿಲ್ಲ. ಅವಳು ಇದನ್ನು ಮುದ್ದಯ್ಯನಿಗೆ ಹೇಳಿದ್ದಳು. ಬೇಕೆಂದೇ ಹೇಳಿದ್ದಳು. ಅವನು, ಮೈಸೂರಿನ ಗಾಳಿ ಒಣಗಾಳಿ, ಅಲ್ಲಿಗೆ ಮದ್ದಿನ ತೂಕ ಬೇರೆ ಮಾಡಬೇಕಾದೀತು ಎಂದಿದ್ದ. ಆ ರಾತ್ರಿ ಅವಳಿಗೆ ಊಟ ಸೇರಿರಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಬೊಳ್ಳಮ್ಮ ಕಾಫಿ ತೆಗೆದುಕೊಂಡು ಗದ್ದೆಗೆ ಹೋದಳು. ಹೋಗಲು ಒಂದು ನೆಪ ಬೇಕಲ್ಲ, ಅದಕ್ಕೆ ಕಾಫಿ. ದೂರದಿಂದಲೇ ಮುದ್ದಯ್ಯ ಕಂಡ. ಮೊದಲ ಚೌಕಟ್ಟಿಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದ, ತುಟಿ ಅಲುಗುತ್ತಿತ್ತು. ಹುಂಜಕ್ಕೆ ಸಮಾಧಾನ ಹೇಳುತ್ತಿದ್ದಾನೆಂದು ಅವಳು ಮೊದಲು ತಿಳಿದಳು. ಹತ್ತಿರ ಹೋಗುವಾಗ ಅವನು ತಲೆಯೆತ್ತಿ ಅವಳನ್ನು ನೋಡಿದ. ಐವತ್ತೈದು ವರ್ಷದ ಗಂಡಸು ಕಿವಿಯ ತುದಿಯವರೆಗೆ ಕೆಂಪಾದ.

"ಎಂತ ಹೇಳ್ತಿದ್ರಿ?"

"ಎಂತ ಇಲ್ಲ."

"ತುಟಿ ಅಲುಗಿತಲ್ಲ."

ಮುದ್ದಯ್ಯ ಕಾಫಿಯ ಲೋಟ ತೆಗೆದುಕೊಂಡ, ಕುಡಿಯಲಿಲ್ಲ. ನಿಮಗೆ ಒಂದು ಮಾತು ಹೇಳುವುದಿತ್ತು, ಅಭ್ಯಾಸ ಮಾಡುತ್ತಿದ್ದೆ ಎಂದ. ಚೌಕಟ್ಟಿನೊಳಗೆ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ ಎಂದು ಧೈರ್ಯವಿತ್ತಂತೆ. ಇಷ್ಟು ಹೇಳುವಷ್ಟರಲ್ಲಿ ಅವನ ಮುಖ ಸುಣ್ಣದ ಹಾಗಾಯಿತು. ಶಬ್ದವೂ ಹೆಚ್ಚುಕಡಿಮೆ ಗುಂಡಿನ ವೇಗದಲ್ಲೇ ಹೋಗುವಂಥದ್ದು. ಒಳಗೆ ಹೋದ ಮಾತು ಒಳಗೇ ಉಳಿಯುವುದಿಲ್ಲ, ಗುಂಡಿನ ಹಿಂದೆ ಅದೂ ನಡೆಯುತ್ತಿದೆ. ಸೋಮವಾರ ಸಂಜೆ ಐದರ ಹೊತ್ತಿಗೆ ಆ ಕಡೆಯಿಂದ ಹೊರಗೆ ಬರುತ್ತದೆ.

ಬೊಳ್ಳಮ್ಮ ಚೌಕಟ್ಟುಗಳ ನಡುವೆ ನೋಡಿದಳು. ಇಪ್ಪತ್ತೆರಡು ವರ್ಷದ ಮಾತು ಅಲ್ಲೇ ಮೂರಡಿ ಜಾಗದಲ್ಲಿ, ಹುಂಜದ ತಲೆಯ ಮೇಲೆ ಎಲ್ಲೋ ಇದೆ. ಕೈ ಹಾಕಿದರೆ ಸಿಗುವಷ್ಟು ಹತ್ತಿರ, ಕೈ ಹಾಕುವ ಹಾಗಿಲ್ಲ.

"ಸೋಮವಾರ ಹನ್ನೆರಡಕ್ಕೆ ಮೈಸೂರಿನವರ ಫೋನ್ ಬರ್ತದೆ," ಎಂದಳು. "ಈಗಲೇ ಇನ್ನೊಮ್ಮೆ ಹೇಳಿ. ಇಲ್ಲಿ, ನನ್ನ ಎದುರು."

ಮುದ್ದಯ್ಯ ಬಾಯಿ ತೆರೆದ. ಮುಚ್ಚಿದ. ಪುನಃ ತೆರೆದ.

"ಆಗುವುದಿಲ್ಲ ಬೊಳ್ಳಮ್ಮ," ಎಂದ. "ಇದ್ದ ಧೈರ್ಯವೆಲ್ಲ ಅದರೊಳಗೆ ಹೋಯ್ತು."

ಅವಳಿಗೆ ಕೋಪ ಬಂತು, ಅಳುವೂ ಬಂತು. ಲೋಟ ಕಸಿದುಕೊಂಡು ಮನೆಗೆ ಬಂದಳು. ಆ ಮಾತು ಏನಿರಬಹುದು? ಹೋಗಬೇಡಿ ಎಂದೇ? ಅಥವಾ ಹೋಗುವ ಮೊದಲು ಖಾಲಿ ತೋಟೆಗಳನ್ನು ಹಿಂದಕ್ಕೆ ಕೊಡಿ ಎಂದೇ? ಮುದ್ದಯ್ಯನನ್ನು ನಂಬುವ ಹಾಗಿಲ್ಲ. ಅವನು ಅದಕ್ಕೂ ಅಭ್ಯಾಸ ಮಾಡಬಲ್ಲ.

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಗುಂಡು ಎರಡನೇ ಚೌಕಟ್ಟು ದಾಟಿತು. ದಾಟಿದ್ದೇ ತಡ, ಏನೂ ಆಗಿಲ್ಲವೆಂಬಂತೆ ಹಾರಿ, ದಿಣ್ಣೆಯ ಮೇಲೆ ಇಟ್ಟಿದ್ದ ತೆಂಗಿನಕಾಯಿಯನ್ನು ಎರಡು ಹೋಳು ಮಾಡಿತು. ಊರವರು ಚಪ್ಪಾಳೆ ತಟ್ಟಿದರು. ಸೆಕೆಂಡಿಗೆ ಸಾವಿರದ ನೂರ ಐವತ್ತೇಳು ಅಡಿ ಎಂದು ಮುದ್ದಯ್ಯ ಬರೆದುಕೊಂಡ. ಎರಡು ವರ್ಷ ಕಾದ ಸಂಖ್ಯೆ ಅದು. ಬರೆದವನ ಕೈ ನಡುಗುತ್ತಿತ್ತು, ಕಣ್ಣು ಸಂಖ್ಯೆಯ ಮೇಲಿರಲಿಲ್ಲ. ಗುಂಡು ಬಂತೆಂದರೆ ಮಾತೂ ಬರುತ್ತದೆ.

ಸೋಮವಾರ ಹನ್ನೆರಡಕ್ಕೆ ಫೋನ್ ಬಂತು. ದೇಚಮ್ಮ ಅಡಿಗೆಮನೆಯಿಂದಲೇ ಕಿವಿ ಚಾಚಿ ನಿಂತಳು. ಬೊಳ್ಳಮ್ಮ ಸಂಜೆಯವರೆಗೆ ಸಮಯ ಕೇಳಿದಳು. ಆ ಕಡೆಯವರು, ಪಟ್ಟಿ ಈಗಲೇ ಕಳಿಸಬೇಕು, ಹೂಂ ಅಥವಾ ಉಹೂಂ ಎಂದರು. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಗದ್ದೆಯಲ್ಲಿ ಮುದ್ದಯ್ಯ ತಲೆಯ ಮೇಲೆ ಟವೆಲ್ ಹಾಕಿಕೊಂಡು, ಎರಡನೇ ಚೌಕಟ್ಟಿಗೆ ಅಡ್ಡವಾಗಿ ಯಾರೂ ಹೋಗದಂತೆ ಬಿಸಿಲಿನಲ್ಲಿ ಕಾವಲು ಕುಳಿತಿದ್ದ. ಬೆಳಿಗ್ಗೆಯಿಂದ ಕುಳಿತಿದ್ದಾನೆ. ಅದೆಂಥ ಮಾತೋ ಏನೋ, ಅದನ್ನು ಕೇಳದೆ ತಾನು ಮೈಸೂರಿನಲ್ಲಿ ಒಂದು ದಿನವೂ ಬದುಕಲಾರೆ ಎಂದು ಅವಳಿಗೆ ಅನ್ನಿಸಿತು.

"ಇಲ್ಲ, ಬರುವುದಿಲ್ಲ," ಎಂದು ಫೋನ್ ಇಟ್ಟಳು.

"ನಿನಗೆ ತಲೆ ಕೆಟ್ಟಿದೆ ಬೊಳ್ಳಿ," ಎಂದಳು ದೇಚಮ್ಮ. "ಅವನು ಹವಾಮಾನ ಹೇಳಿರ್ತಾನೆ ನೋಡು."

ಐದು ಗಂಟೆಗೆ ಬೊಳ್ಳಮ್ಮ ಎರಡನೇ ಚೌಕಟ್ಟಿನ ಎದುರು ನಿಂತಳು. ಮುದ್ದಯ್ಯ ನಾಲ್ಕು ಮಾರು ದೂರ ಸರಿದು ಬೆನ್ನು ತಿರುಗಿಸಿ ನಿಂತ. ದೇಚಮ್ಮ ಕೋಳಿ ನೋಡುವ ನೆಪದಲ್ಲಿ ಬಂದಳು. ಐದೂ ಐದಾಯಿತು. ಐದೂ ಹತ್ತಾಯಿತು. ಆಮೇಲೆ ಖಾಲಿ ಗಾಳಿಯಲ್ಲಿ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಬೊಳ್ಳಮ್ಮ," ಎಂದಿತು ಮುದ್ದಯ್ಯನ ದನಿ, ಅವಳ ಮುಖದಿಂದ ಒಂದು ಗೇಣು ದೂರದಲ್ಲಿ. "ಮೈಸೂರಿಗೆ ಹೋಗಬೇಡಿ. ಮದ್ದು ಸರಿಯಾಗಿಯೇ ಇತ್ತು. ನೀವು ಎದುರು ನಿಂತರೆ ನನ್ನ ಕೈ ನಡುಗ್ತದೆ, ಅದಕ್ಕೇ ತೂಕ ತಪ್ಪುವುದು. ನನ್ನ ಮನೆಗೆ ಬಂದುಬಿಡಿ. ದಿನಾ ನೋಡಿದರೆ ಅಭ್ಯಾಸ ಆದೀತು."

ಅಷ್ಟೇ. ಮತ್ತೆ ಗದ್ದೆ ಮೊದಲಿನ ಹಾಗಾಯಿತು. ದೇಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಬಿತ್ತು ಎಂದಳು. ಬೊಳ್ಳಮ್ಮನ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಇಷ್ಟೇ ಇಷ್ಟು ಮಾತು, ಹೇಳಲು ಕಾಲು ನಿಮಿಷವೂ ಬೇಡ. ಇದಕ್ಕೆ ಅವಳ ಇಪ್ಪತ್ತೈದನೇ ವರ್ಷದಿಂದ ನಲವತ್ತೇಳನೇ ವರ್ಷದವರೆಗೆ ಹಿಡಿಯಿತು.

ಮುದ್ದಯ್ಯ ಮೆಲ್ಲಗೆ ಹತ್ತಿರ ಬಂದ. ಕೇಳಿಸಿತೇ ಎಂದ. ಕೇಳಿಸಿತು ಎಂದಳು. ಏನು ಹೇಳುತ್ತೀರಿ ಎಂದ.

ಬೊಳ್ಳಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಎರಡನೇ ಚೌಕಟ್ಟಿಗೆ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ಒಳಗೆ ಒಂದೇ ಒಂದು ಮಾತು ಹೇಳಿ ನೆಟ್ಟಗಾದಳು.

"ಗುರುವಾರ ಸಂಜೆ ಆ ಕಡೆಯಿಂದ ಬರ್ತದೆ," ಎಂದಳು. "ಹೋಗಿ ನಿಂತುಕೊಳ್ಳಿ."