ಉಳಿದ ಉಲ್ಲನ್ನಿನ ಹೊದಿಕೆ

ಅಜ್ಜಂಪುರದ ಪೇಟೆಬೀದಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಕುಲಾವಿ, ಕಾಲುಚೀಲ, ಸ್ವೆಟ್ಟರು ಹೆಣೆದುಕೊಡುವವರು ವಿಮಲಮ್ಮನವರೇ. ಕೂಲಿಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುವರು. ಉಲ್ಲನ್ ಒಂದು ತಂದುಕೊಟ್ಟರಾಯಿತು. ಆದರೆ ತಂದ ಉಲ್ಲನ್ ಯಾವತ್ತೂ ಸಾಲುತ್ತಿರಲಿಲ್ಲ. ಅರ್ಧ ಹೆಣೆದ ಮೇಲೆ ವಿಮಲಮ್ಮ ಮುಖ ಸಣ್ಣದು ಮಾಡಿಕೊಂಡು, ಇನ್ನೊಂದು ಉಂಡೆ ಬೇಕಾಗುತ್ತಲ್ಲ ಎನ್ನುವರು. ಇನ್ನೊಂದು ಬರುವುದು, ಅದರಲ್ಲಿ ಮುಕ್ಕಾಲು ಪಾಲು ಮಂಚದ ಕೆಳಗಿನ ಟ್ರಂಕು ಸೇರುವುದು. (ಇದಕ್ಕೆ ಕಳವು ಎಂದು ಹೆಸರಿಡಬೇಡಿ. ಮಿಕ್ಕದ್ದು ಹೆಣೆದವರಿಗೆ ಎಂಬ ಕಾನೂನನ್ನು ವಿಮಲಮ್ಮ ತಮ್ಮ ಮನಸ್ಸಿನಲ್ಲೇ ಮಂಡಿಸಿ, ತಾವೇ ಕೈಯೆತ್ತಿ, ಸರ್ವಾನುಮತದಿಂದ ಪಾಸು ಮಾಡಿಕೊಂಡಿದ್ದರು.)

ಆ ಚಳಿಗಾಲದಲ್ಲಿ ಮಗಳು ತವರಿನಲ್ಲೇ ಚೊಚ್ಚಲ ಗಂಡುಮಗು ಹೆತ್ತಳು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ತರೀಕೆರೆಯಿಂದ ಬೀಗಿತ್ತಿ ತೀರ್ಥಮ್ಮ ಬರುವವರಿದ್ದರು. ಮದುವೆಯೂಟದಲ್ಲಿ ಚಿರೋಟಿ ಎತ್ತಿ ಹಿಡಿದು ಪದರ ಪರೀಕ್ಷೆ ಮಾಡಿದ ಹೆಂಗಸು ಈಕೆ. ಆಕೆಯ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಜನ್ಮ ಸಾರ್ಥಕ ಎಂದು ವಿಮಲಮ್ಮ ಟ್ರಂಕಿನ ಮುಚ್ಚಳ ತೆಗೆದರು.

ನೀಲಿ, ಹಳದಿ, ಕುಂಕುಮದ ಬಣ್ಣ, ಎಲ್ಲ ಚೂರುಪಾರೂ ಸೇರಿಸಿ ಪಟ್ಟೆಪಟ್ಟೆಯ ಹೊದಿಕೆ ಹೆಣೆದರು. ಸುತ್ತಲೂ ಅಂಗೈಯಗಲದ ಗಿಳಿಹಸಿರು ಅಂಚು. ಇಷ್ಟು ಬಣ್ಣ ಎಲ್ಲಿಂದ ಬಂತೇ ಎಂದು ಗಂಡ ಶಿವಮೂರ್ತಪ್ಪ ಕೇಳಿದ್ದಕ್ಕೆ, ನೀವು ನಿಮ್ಮ ಅಂಗಡಿಯ ಕೊಬ್ಬರಿ ನೋಡಿಕೊಳ್ಳಿ ಎಂದು ಬಾಯಿ ಮುಚ್ಚಿಸಿದರು.

ಶಾಸ್ತ್ರದ ದಿನ ತೀರ್ಥಮ್ಮ ಕನ್ನಡಕ ಏರಿಸಿಕೊಂಡು ಹೊದಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲೂ ಒಂದು ಗಂಟು ಸಿಗಲಿಲ್ಲ.

"ಚೆನ್ನಾಗೈತೆ ಕಣ್ರೀ," ಎಂದೇಬಿಟ್ಟರು.

ವಿಮಲಮ್ಮ ಒಂದು ಗೇಣು ಉಬ್ಬಿದರು. ಅಷ್ಟರಲ್ಲಿ ಎದುರುಮನೆಯ ಕಲ್ಲಮ್ಮ ನೀಲಿ ಪಟ್ಟೆ ಸವರಿ, ಇದು ನಮ್ಮ ಮಗುವಿನ ಸ್ವೆಟ್ಟರಿನದೇ ಬಣ್ಣ ಎಂದು ಸಂಭ್ರಮಪಟ್ಟರು. ಪಾಪ, ಆಕೆಯ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕುಂಕುಮದ ಬಣ್ಣ ಪಕ್ಕದ ಮನೆಯ ಉಚ್ಚಂಗಮ್ಮನ ಮೊಮ್ಮಗಳ ಕುಲಾವಿಯದು. ಹಳದಿಗೂ ಒಬ್ಬರು ವಾರಸುದಾರರು ಹುಟ್ಟಿಕೊಂಡರು. ನಗುನಗುತ್ತ ಶುರುವಾದ ಮಾತು ಬರಬರುತ್ತ ಮೆಲ್ಲಗಾಯಿತು. ಒಬ್ಬೊಬ್ಬರಿಗೂ ತಾವು ಮತ್ತೆ ತಂದುಕೊಟ್ಟ ಆ ಇನ್ನೊಂದು ಉಂಡೆ ನೆನಪಾಗುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಊರಲ್ಲಿ ಸಿಗುವ ಬಣ್ಣವೇ ಅಷ್ಟಲ್ಲವೇ ಎಂದು ವಿಮಲಮ್ಮ ನಗಲು ನೋಡಿದರು. ಜೊತೆಗೆ ನಗುವವರು ಸಿಗಲಿಲ್ಲ.

ಊಟಕ್ಕೆ ಕರೆದಿದ್ದ ಹಾಲಿನ ದೊಡ್ಡಬೀರಪ್ಪ ಒಳಗೆ ಬಂದದ್ದು ಆಗಲೇ. ಮುದುಕನ ತಲೆಯ ಮೇಲೆ ಗಿಳಿಹಸಿರು ಟೋಪಿ. ಅದನ್ನು ಹೆಣೆದವರೂ ವಿಮಲಮ್ಮನೇ. ಎರಡನೆಯ ಉಂಡೆ ತಂದುಕೊಟ್ಟರೂ ಸಾಲಲಿಲ್ಲವೆಂದು ಟೋಪಿ ಕಿವಿಯ ಮೇಲಕ್ಕೇ ನಿಂತುಹೋಗಿತ್ತು. ದಿನಾ ಬೆಳಿಗ್ಗೆ ಅವನು ಅದನ್ನೇ ಹಾಕಿಕೊಂಡು ಬರುತ್ತಿದ್ದ. ಹಾಲಿಗೆ ನೀರು ಬೆರೆಸಿದ್ದಾನೋ ಏನೋ ಎಂದು ಚೆಂಬಿನೊಳಗೇ ಕಣ್ಣು ನೆಟ್ಟಿದ್ದ ವಿಮಲಮ್ಮ ತಲೆ ಎತ್ತಿ ನೋಡಿದವರೇ ಅಲ್ಲ.

ಮುದುಕ ಕೂಸನ್ನು ಹರಸಲು ಬಗ್ಗಿದ. ಅಂಚನ್ನು ನೋಡಿದ. ತಣ್ಣಗಿದ್ದ ತನ್ನ ಕಿವಿ ಮುಟ್ಟಿಕೊಂಡ.

"ಅಮ್ಮಾರೇ, ನನ್ ಕಿವಿ ಇಲ್ಲಿ ಸೇರ್ಕಂಡವಲ್ಲ."

ಯಾರಾದರೂ ನಕ್ಕಿದ್ದರೆ ಬದುಕಬಹುದಿತ್ತು. ಯಾರೂ ನಗಲಿಲ್ಲ. ವಿಮಲಮ್ಮನವರ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡು, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರ ಅವಸ್ಥೆ ನೋಡಲಾರದೆ ಮುದುಕನೇ ಸಮಾಧಾನ ಹೇಳಿದ.

"ಇರ್ಲಿ ಬಿಡ್ರಿ, ಕೂಸಿಗೆ ಬೆಚ್ಚಗಾದ್ರೆ ಸಾಕು. ನಂಗೆ ಕಂಬ್ಳಿ ಐತೆ."

ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅಲ್ಲಿಂದ ಮುಂದೆ ವಿಮಲಮ್ಮ ಹೋಳಿಗೆ ಬಡಿಸುತ್ತ ಎಲೆ ನೋಡಿದರೇ ಹೊರತು ಎಲೆಯ ಹಿಂದೆ ಕೂತವರ ಮುಖ ನೋಡಲಿಲ್ಲ. ಬೀಗಿತ್ತಿ ಸಂಜೆಯ ಬಸ್ಸಿಗೆ ಹೊರಟುಬಿಟ್ಟರೆ ಸಾಕಪ್ಪಾ ಎಂದು ವಿಮಲಮ್ಮ ಮನೆದೇವರಿಗೆ ಹರಕೆ ಹೊತ್ತರು.

ಬೀದಿಯವರೆಲ್ಲ ಹೋದ ಮೇಲೆ ತೀರ್ಥಮ್ಮ ಕೈಚೀಲದಿಂದ ಉಲ್ಲನ್ನಿನ ಗಂಟೊಂದನ್ನು ತೆಗೆದರು.

"ಚಿಕ್ಕ ಮಗನ ಸ್ವೆಟ್ಟರಿಗೆ ಅಂತ ತಂದಿದ್ದೆ, ನಿಮ್ಮತ್ರ ಬಿಟ್ಟು ಹೋಗೋಣ ಅಂತಿದ್ದೆ. ಈಗ ಬೇಡ. ಮೊದ್ಲು ಆ ಹಸಿರು ಅಂಚು ಬಿಚ್ಚಿ ಆ ಹಾಲಿನ ಯಜಮಾನ್ರ ಟೋಪಿಗೆ ಕಿವಿ ಮುಗ್ಸಿ. ಆಮೇಲೆ ನಮ್ದು. ಅಲ್ಲಿವರ್ಗೂ ನಾನೂ ಇಲ್ಲೇ ಇರ್ತೀನಿ."

ಹೊರಗಿನಿಂದ ಶಿವಮೂರ್ತಪ್ಪ, ಧಾರಾಳವಾಗಿ ಇರಿ, ಇದು ನಿಮ್ಮನೆ ಇದ್ದಂಗೆ ಎಂದು ಬಲು ಉತ್ಸಾಹದಿಂದ ಕೂಗಿದರು. ವಿಮಲಮ್ಮ ತಲೆ ತಗ್ಗಿಸಿ ಹೆಣೆಯುವ ಕಡ್ಡಿ ತಂದರು. ತೀರ್ಥಮ್ಮ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಬಿಚ್ಚಿದ ದಾರವನ್ನು ತಾವೇ ಉಂಡೆ ಸುತ್ತಿ, ಉಂಡೆಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡರು.