ಪಾಪುವಿನ ಬೀಗದ ಕೈ

ನನ್ನ ಮೈದುನನಷ್ಟು ದೊಡ್ಡ ಪಾಪು ದೊಡ್ಡಬಳ್ಳಾಪುರದಲ್ಲಿ ಇನ್ನೊಂದಿರಲಿಲ್ಲ. ಮೀಸೆ ಬಂದು, ಮೀಸೆಯಲ್ಲಿ ಬಿಳಿ ಕೂದಲೂ ಇಣುಕಿದ್ದ ಪಾಪು! ಅವನ ನಿಜವಾದ ಹೆಸರು ಕೇಳಬೇಡಿ, ಹೇಳಲಾರೆ. ಅವನಿಗಿಟ್ಟಿದ್ದು ಅಜ್ಜನ ಹೆಸರು. ಮಾವನ ಹೆಸರನ್ನು ಸೊಸೆಯಾದ ನಮ್ಮತ್ತೆ ಬಾಯಲ್ಲಿ ಆಡುವುದುಂಟೇ? ಹಾಗಾಗಿ ತೊಟ್ಟಿಲಿನಲ್ಲಿದ್ದಾಗ ಕರೆದ ‘ಪಾಪು’ವೇ ಗಟ್ಟಿಯಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಪವರ್‌ಲೂಮ್ ಸೀರೆಗಳ ಅಂಚಿಗೆ ಕಂಪ್ಯೂಟರಿನಲ್ಲಿ ನವಿಲು, ಮಾವಿನಕಾಯಿ ಬಿಡಿಸಿಕೊಡುವುದು ಪಾಪುವಿನ ಕಸುಬು. ಮದುವೆ ಮಾಡಿಕೊಳ್ಳೋ ಎಂದರೆ, “ಮೊದ್ಲು ಸದಸ್ಯ ಆಗ್ಬೇಕು ಅತ್ತಿಗೆ” ಎನ್ನುತ್ತಿದ್ದ. ಯಾವುದರ ಸದಸ್ಯ? ಪುರಸಭೆಯದೇ? ಅಲ್ಲವಂತೆ. ಊರೂರಿನ ಜನ ಸೇರಿ, ಪುಕ್ಕಟೆ ಹಂಚಲು ಸಾಫ್ಟ್‌ವೇರ್ ಬರೆಯುವ ಕೂಟವಂತೆ. ಚಿತ್ರವನ್ನು ನೇಯ್ಗೆಯ ಚೌಕುಳಿಗೆ ಇಳಿಸುವ ಪ್ರೋಗ್ರಾಮೊಂದನ್ನು ಇವನೂ ಬರೆದಿದ್ದ. ಆದರೆ ಅದನ್ನು ಕೂಟದ ಉಗ್ರಾಣಕ್ಕೆ ಏರಿಸುವ ಹಕ್ಕು ಸದಸ್ಯರಿಗೆ ಮಾತ್ರ. ಪ್ರತಿ ಸಲವೂ ಯಾರೋ ಒಬ್ಬ ದೊರೆಯ ಕೈಕಾಲು ಹಿಡಿದು ಏರಿಸಬೇಕು. ಅಡುಗೆ ಇವನದು, ಬಡಿಸುವ ಸೌಟು ಅವರದು!

ಇದನ್ನು ಕೇಳಿ ಅತ್ತೆ ಮುಖ ಸಣ್ಣಗೆ ಮಾಡಿಕೊಂಡಿದ್ದರು. “ನಿಮ್ಮಪ್ಪನ ಹಂಗೇ ಆಯ್ತಲ್ಲೋ.” ಮಾವನವರು ಬದುಕಿರುವ ತನಕ ಬೇರೆಯವರ ಮಗ್ಗದಲ್ಲಿ ನೇಯ್ದವರು. ಸ್ವಂತ ಮಗ್ಗವಿಲ್ಲವೆಂದು ನೇಕಾರರ ಸಂಘ ಅವರನ್ನು ಸೇರಿಸಿಕೊಳ್ಳಲಿಲ್ಲ. ಸೀರೆ ಅವರದು, ಮೊಹರು ಮಾಲೀಕರದು.

ಸದಸ್ಯನಾಗಲು ಪಾಪುವಿಗೊಂದು ‘ಕೀಲಿ’ ಬೇಕಿತ್ತು. ಕೀಲಿಯೆಂದರೆ ಕಂಪ್ಯೂಟರಿನಲ್ಲಿ ಅವನೇ ಮಾಡಿಕೊಂಡ ಗುಟ್ಟಿನ ರುಜುವಂತೆ. ಅದು ಫ್ಲಾಪಿಯಲ್ಲಿತ್ತು, ಫ್ಲಾಪಿ ದೇವರ ಗೂಡಿನಲ್ಲಿತ್ತು. ಆಯುಧಪೂಜೆಯ ದಿನ ನಾನು ಸುಮ್ಮನಿರಬಾರದೇ? ಆ ಜರುಗುವ ತಗಡನ್ನು ಸರಿಸಿ, ಒಳಗಿನ ಕಪ್ಪು ಬಿಲ್ಲೆಗೆ ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿಬಿಟ್ಟೆ!

“ಅತ್ತಿಗೇ! ಅದ್ರಲ್ಲಿ ನನ್ ಕೀಲಿ ಇತ್ತು!”

“ಅದಕ್ಯಾಕಪ್ಪಾ ಅಳ್ತೀಯ?” ಎಂದರು ಅತ್ತೆ. “ಬಸ್ ಸ್ಟ್ಯಾಂಡ್‌ನಾಗೆ ಬೀಗ ರಿಪೇರಿಯೋನು ಕೂತಿರ್ತಾನೆ, ಇನ್ನೊಂದು ಮಾಡಿಸ್ಕೊಂಡು ಬಾ.”

ಹೊಸ ಕೀಲಿಯೇನೋ ಮಾಡಿಕೊಂಡ. ಆದರೆ ಕೂಟದ ಹಳೆಯ ಸದಸ್ಯರೊಬ್ಬರು ಇವನನ್ನು ಮುಖಾಮುಖಿ ಕಂಡು, ಸರ್ಕಾರದ ಗುರುತಿನ ಚೀಟಿ ನೋಡಿ, ‘ಇವನು ಇವನೇ’ ಎಂದು ಒಪ್ಪಬೇಕಿತ್ತು. ನಮ್ಮೂರಿಗೆ ಅಂಥವರು ಯಾರು ಬರುತ್ತಾರೆ? ಭಾನುವಾರ ಬಂತೆಂದರೆ, ಯಾರಾದರೂ ಬರುತ್ತೇನೆಂದು ಬರೆದಿದ್ದಾರೆಯೇ ನೋಡಲು, ರೈಲು ಹತ್ತಿ ಬೆಂಗಳೂರಿನ ಇಂಟರ್‌ನೆಟ್ ಅಂಗಡಿಗೆ ಹೋಗುವನು. ಮರಳಿ ಬಂದು ಅವನು ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ಉತ್ತರ ತಿಳಿಯುತ್ತಿತ್ತು. ಬರುವವರಿಗೆಂದು ಹೊಸ ಲೋಟ ತಂದಿಟ್ಟಿದ್ದ. ಅದರಲ್ಲಿ ಯಾರಿಗೂ ಕಾಫಿ ಕೊಡುವಂತಿರಲಿಲ್ಲ. ಒಮ್ಮೆ ಕನ್ನಡಕ, ಬ್ಯಾಗು ಕಂಡು, ಇವರೇ ಎಂದು ಬಸ್ ಸ್ಟ್ಯಾಂಡಿನಿಂದ ಒಬ್ಬರನ್ನು ಕರೆತಂದ. ಅವರು ವಿಮಾ ಏಜೆಂಟರು! ಹೊಸ ಲೋಟದಲ್ಲೇ ಕಾಫಿ ಕುಡಿದು, ನಮ್ಮ ಯಜಮಾನರಿಗೊಂದು ಪಾಲಿಸಿ ಕಟ್ಟಿ ಹೋದರು.

ಕೊನೆಗೊಬ್ಬರು ನಿಜವಾಗಿಯೂ ಬಂದರು. ಹುಬ್ಬಳ್ಳಿಯ ಕಡೆಯ ಮೇಷ್ಟ್ರು, ಕೂಟದ ಸದಸ್ಯರು. ಸಂಸಾರ ಸಮೇತ ಶಿವಗಂಗೆಗೆ ಬಂದಿದ್ದವರು, ಇವನ ಪತ್ರಗಳ ಕಾಟ ತಾಳದೆ ಇತ್ತ ಬಸ್ಸು ಹತ್ತಿದ್ದರು. ಪಾಪು ಮತದಾರರ ಚೀಟಿ ಕೊಟ್ಟ. ಅವರು ಹುಬ್ಬೇರಿಸಿದರು. ಫೋಟೋ ಇವನದೇ. ಆದರೆ ಇವನ ಹೆಸರಿರಬೇಕಾದಲ್ಲಿ ಅಪ್ಪನ ಹೆಸರು, ಅಪ್ಪನ ಜಾಗದಲ್ಲಿ ಇವನ ಹೆಸರು! ಅಚ್ಚು ಹಾಕಿದ ಪುಣ್ಯಾತ್ಮ ಅದಲುಬದಲು ಮಾಡಿದ್ದ.

“ತಾಯೀ, ನಿಮ್ಮ ಮಗನ ಹೆಸರೇನ್ರಿ?”

“ಪಾಪು.”

“ಅದಲ್ರೀ, ಖರೇ ಹೆಸರು?”

“ಅಯ್ಯೋ, ಮಾವನ ಹೆಸರು ಹೇಳಕ್ಕಾಯ್ತದಾ ಸ್ವಾಮಿ?”

“ಹೋಗ್ಲಿ, ನಿಮ್ಮ ಯಜಮಾನ್ರ ಹೆಸರು?”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ನನ್ನತ್ತ ತಿರುಗಿದರು. ನಾನು ಮಾವನವರ ಹೆಸರು ಹೇಳಲೇ? “ಹಾಲುಕ್ತದೆ” ಎಂದು ಒಳಗೋಡಿದೆ.

“ಎಂಥಾ ಮನೀರೀ ಇದು! ಯಾರಿಗೂ ಹೆಸರ ಇಲ್ಲ!” ಎಂದು ಅವರು ನಕ್ಕರು. ಆಮೇಲೆ ಮೆತ್ತಗೆ ಹೇಳಿದರು, “ಸರ್ಕಾರದ ಲೆಕ್ಕದಾಗ ನೀವ ನಿಮ್ಮಪ್ಪ. ಚೀಟಿಯೊಳಗಿನ ಹೆಸರೂ ಕೀಲಿಯೊಳಗಿನ ಹೆಸರೂ ಒಂದಾಗಬೇಕು ನೋಡ್ರಿ. ಚೀಟಿ ತಿದ್ದಿಸ್ರಿ, ಮುಂದ ಯಾವಾಗರೆ ನೋಡೋಣು. ಇಲ್ಲಾ, ಕೀಲಿ ಬದಲಿ ಮಾಡ್ರಿ.”

ಪಾಪು ಗೋಡೆಯ ಮೇಲಿದ್ದ ಮಾವನವರ ಫೋಟೋವನ್ನು ನೋಡಿದ. ಮೇಷ್ಟ್ರ ಕಾಫಿ ಆರುವಷ್ಟು ಹೊತ್ತು ನೋಡಿದ. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತು, ಅಪ್ಪನ ಹೆಸರಿನಲ್ಲಿ ಹೊಸ ಕೀಲಿ ಮಾಡಿದ. ಮೇಷ್ಟ್ರು ಅದನ್ನು ಚೀಟಿಯೊಡನೆ ತಾಳೆ ನೋಡಿ ಒಪ್ಪಿದರು.

ಆಮೇಲೂ ಕೂಟದವರು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಮುಂದಿನ ಯುಗಾದಿ ಕಳೆದ ಮೇಲೊಂದು ಭಾನುವಾರ ಪಾಪು ಚಪ್ಪಲಿ ಬಿಡುವುದನ್ನೇ ಮರೆತು ನಡುಮನೆಗೆ ನುಗ್ಗಿದ. ಫ್ಲಾಪಿಯಲ್ಲಿ ತಂದಿದ್ದ ಸದಸ್ಯರ ಹೆಸರುಗಳನ್ನು ಪರದೆಯ ಮೇಲೆ ತೆರೆದ. ಅತ್ತೆಯನ್ನು ಕೈಹಿಡಿದು ತಂದು ಕೂರಿಸಿದ.

“ಇದ್ರಾಗೆ ಯಾವ್ದಪ್ಪಾ?”

ಪಾಪು ಬೆರಳಿಟ್ಟು ತೋರಿಸಿದ.

“ಇನ್ಮೇಲೆ ಯಾರನ್ನೂ ಕೇಳಂಗಿಲ್ವಾ?”

“ಇಲ್ಲಮ್ಮ. ಅಪ್ಪನೇ ಏರಿಸ್ಬೋದು.”

ಅತ್ತೆಗೆ ಇಂಗ್ಲಿಷ್ ಅಕ್ಷರ ಬಾರದು. ಸೆರಗಿನಿಂದ ಪರದೆಯ ಧೂಳು ಒರೆಸಿ, ಆ ಸಾಲಿನ ಕೆಳಗೆ ತಾವೂ ಬೆರಳಿಟ್ಟರು. ತುಟಿ ಅಲುಗಿತು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಬಾಯೊಳಗೇ ಇಟ್ಟುಕೊಂಡಿದ್ದ ಗಂಡನ ಹೆಸರನ್ನು, ಆಗ, ಕೂಗಿ ಕರೆಯುವವರಂತೆ ಹೇಳಿಬಿಟ್ಟರು.

ಪಾಪು “ಓ” ಎಂದ.