ಭಾವ ಬೆಳಗಿದ ಗಡಿಯಾರದ ಚೈನು

ಕಳೆದ ದೀಪಾವಳಿಯ ನೀರು ತುಂಬುವ ದಿನ ಯಲ್ಲಾಪುರದಲ್ಲಿ ನನ್ನ ಭಾವ ಬಚ್ಚಲ ಹಂಡೆಯ ಜೊತೆಗೆ ಅಕ್ಕನ ಕೈಗಡಿಯಾರದ ಸ್ಟೀಲ್ ಚೈನನ್ನೂ ತಿಕ್ಕಿ ಬೆಳಗಿದರು. ಹಂಡೆ ಚೆನ್ನಾಯಿತು. ಚೈನು ಹಾಳಾಯಿತು.

ವರದಿ ಇಷ್ಟೇ. ಆದರೆ ಭಾವನನ್ನು ಇಷ್ಟಕ್ಕೇ ಮುಗಿಸಲು ಬರುವುದಿಲ್ಲ. ಹಬ್ಬಕ್ಕೆ ಹಂಡೆ ಬೆಳಗುವವರು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದಾರೆ. ಸೈಕಲ್ಲಿನ ಗಂಟೆ, ಬಾಗಿಲ ಚಿಲಕ, ಪಕ್ಕದ ಮನೆಯ ಬಾಗಿಲ ಚಿಲಕ ಇವನ್ನೆಲ್ಲ ಬೆಳಗುವವರು ನನ್ನ ಭಾವ ಒಬ್ಬರೇ! ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮಂಕಾದದ್ದೇನಾದರೂ ಕಣ್ಣಿಗೆ ಬಿದ್ದರೆ ಅವರ ಕೈ ತಾನಾಗಿ ವಾಟೆಹುಳಿ, ಬೂದಿ ಹುಡುಕುತ್ತದೆ. ಒಮ್ಮೆ ನನ್ನ ಬೋಳುತಲೆಯನ್ನು ಬಹಳ ಹೊತ್ತು ದಿಟ್ಟಿಸಿದರು. ನಾನು ಟೊಪ್ಪಿ ಹಾಕಿಕೊಂಡೆ.

ಗಡಿಯಾರ ಮದುವೆಯಲ್ಲಿ ಅವರೇ ಅಕ್ಕನಿಗೆ ಕೊಟ್ಟದ್ದು. ದೀರ್ಘ ಕಾಯಿಲೆಗೆ ಆಸ್ಪತ್ರೆ ಸೇರಿದಾಗ ಬಿಚ್ಚಿಟ್ಟ ಅದನ್ನು ಅಕ್ಕ ಮನೆಗೆ ಬಂದಮೇಲೂ ಕಟ್ಟಲಿಲ್ಲ.

"ಕೈ ನೋಡು, ಕೋಲಾಗೋಜು. ಯಂಗೆ ವಾಚು ಎಂತಕ್ಕೆ ಮಾರಾಯಾ?" ಎಂದಿದ್ದಳು ನನ್ನ ಹತ್ತಿರ.

ಹಬ್ಬದ ದಿನವಾದರೂ ಅವಳು ಅದನ್ನು ಕಟ್ಟಬೇಕೆಂಬುದು ಭಾವನ ಹಟ. ಅದಕ್ಕಾಗಿಯೇ ಈ ಬೆಳಗುವಿಕೆ. ಮೊದಲು ಹುಳಿ, ಬೂದಿ; ಆಮೇಲೆ ಹಿತ್ತಾಳೆಯ ಪಾಲಿಶ್; ಕೊನೆಗೆ ಹಳೆಯ ಧೋತರದ ತುಂಡು. ಆ ಚೈನಿನ ಅಂದವಿದ್ದದ್ದು ಹೊಳಪಿನಲ್ಲಲ್ಲ, ಕೊಂಡಿಗಳ ಮೇಲಿದ್ದ ಕೂದಲೆಳೆಯಂಥ ಗೆರೆಗಳಲ್ಲಿ. ಹೊಳೆಯಬೇಕಾದದ್ದು ಅಂಚು ಮಾತ್ರ. ಭಾವ ಎಲ್ಲವನ್ನೂ ಕನ್ನಡಿ ಮಾಡಿಬಿಟ್ಟಿದ್ದರು. ಅದರಲ್ಲಿ ನೋಡಿಕೊಂಡು ಮೀಸೆ ಕತ್ತರಿಸಬಹುದಿತ್ತು!

ಅಕ್ಕ ಒಮ್ಮೆ ನೋಡಿ ಪಕ್ಕಕ್ಕಿಟ್ಟಳು. "ಇದು ಯನ್ನ ವಾಚಲ್ಲ. ಹೀಂಗೆಲ್ಲಾ ಹೊಳೀತಿತ್ತಿಲ್ಲೆ."

ಮರುದಿನವೇ ಭಾವ ಶಿರಸಿಯ ವಾಚಿನಂಗಡಿಯಲ್ಲಿದ್ದರು. ಪೂರ್ವದ ಬಯಲುಸೀಮೆ ಕಡೆಯಿಂದ ಬಂದ ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಬಿಡ್ರಿ ಮಾಸ್ತರ್ರ, ಹೊಸಾ ಚೈನ್ ಹಾಕಿಸ್ಕೊಂಡ್ ಹೋಗ್ರಿ. ಐದ್ ನಿಮಿಷದ ಕೆಲಸ."

"ಐದು ನಿಮಿಷದ ಕೆಲಸ ಮಾಡಲಿಕ್ಕೆ ನಾನು ನಿವೃತ್ತನಾದದ್ದಲ್ಲ!" ಎಂದು ಭಾವ ಚೈನನ್ನು ಕಿಸೆಗೆ ಹಾಕಿಕೊಂಡು ಬಂದರು.

ಅಳಿಸಿಹೋದ ಗೆರೆಗಳನ್ನು ಮತ್ತೆ ಮೂಡಿಸಲು ಊಟದ ಮೇಜು ಕಾರ್ಖಾನೆಯಾಯಿತು. ಕೊಂಡಿಯ ಒಳಮೈಯಲ್ಲಿ ಬಾಣದ ಗುರುತಿರುತ್ತದೆ. ಕೊಂಡಿಗಳನ್ನು ಜೋಡಿಸುವ ಪಿನ್ನನ್ನು ಅತ್ತಲೇ ತಳ್ಳಬೇಕು. ಭಾವ ದಬ್ಬಳದ ತುದಿಯನ್ನು ಪಿನ್ನಿನ ಮೇಲಿಟ್ಟು ಸಣ್ಣಗೆ ಕುಟ್ಟಿದರು. ಮೊದಲ ಪಿನ್ನು ಚಿಮ್ಮಿ ತಂಬುಳಿಯ ಪಾತ್ರೆಗೆ ಬಿತ್ತು. ಅಂದು ಮನೆಯವರೆಲ್ಲ ಸೋಸಿದ ತಂಬುಳಿ ಕುಡಿದೆವು. ಪಿನ್ನು ಸಿಕ್ಕಿತು.

ಬಿಡಿಸಿದ ಕೊಂಡಿಗಳಿಗೆ ಅಂಟುವಾಳದ ನೊರೆಯಲ್ಲಿ ಹಲ್ಲುಜ್ಜುವ ಬ್ರಶ್ಶಿನಿಂದ ಸ್ನಾನ. ಹೊಳೆಯಬೇಕಾದ ಅಂಚಿಗೆ ಟೇಪಿನ ಮುಸುಕು. ಗೆರೆ ಎಳೆಯಲು ಮೊದಲು ಬಂದದ್ದು ಬಡಗಿಗಳು ಮರ ನುಣ್ಣಗೆ ಮಾಡಲು ಉಜ್ಜುವ, ಗರಗಸ ಮರದ ಒರಟು ಎಲೆ. ಸ್ಟೀಲಿಗೆ ಏನೂ ಆಗಲಿಲ್ಲ, ಎಲೆ ಪುಡಿಯಾಯಿತು. ಪಾತ್ರೆ ತಿಕ್ಕುವ ಹಸಿರು ನಾರು ಹಾದಿಗೆ ಬಂತು. ಕೊನೆಗೆ ಗೆದ್ದದ್ದು ಹಲಗೆಗೆ ಅಂಟಿಸಿದ ನಯವಾದ ಉಪ್ಪುಕಾಗದ.

"ಹಿಂದೆ ಮುಂದೆ ತಿಕ್ಕಲಾಗ ಮಾರಾಯಾ! ಒಂದೇ ಬದಿಗೆ ಎಳೆಯವು. ಇದು ಶೇಡಿಂಗು!" ಎಂದು ನನಗೂ ಪಾಠವಾಯಿತು.

ಅಭ್ಯಾಸ ಬೇಡವೇ? ಅದಕ್ಕೆ ಮನೆಯ ಚಮಚಗಳಿದ್ದವು. ಒಂದೊಂದಕ್ಕೂ ಗೆರೆ ಬಿತ್ತು. ಬಂದ ನೆಂಟರೊಬ್ಬರು ಚಮಚವನ್ನು ಬೆಳಕಿಗೆ ಹಿಡಿದು, "ಹೊಸ ಸೆಟ್ಟಾ?" ಎಂದು ಕೇಳಿದರು. ಭಾವ ಎದೆಯುಬ್ಬಿಸಿದರು.

ಒಳಗಿನಿಂದ ಅಕ್ಕನ ಕೂಗು: "ಆ ಪಾಯಸದ ಸೌಟು ಮುಟ್ಟಲಾಗ ಹೇಳಿ ಹೇಳಾ ನಿನ್ನ ಭಾವಂಗೆ! ಬಡಿಸಲೆ ಒಂದಾದ್ರೂ ಬೇಕು."

ಅಕ್ಕನ ದನಿ ಅಷ್ಟು ಗಟ್ಟಿಯಾಗಿ ಕೇಳಿ ಬಹಳ ದಿನವಾಗಿತ್ತು. ಭಾವನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಎಳೆಯತೊಡಗಿದರು.

ಯುಗಾದಿಯ ಹೊತ್ತಿಗೆ ಗೆರೆಗಳು ಹಿಂದಿನಂತೆಯೇ ಕೂತವು. ಅಕ್ಕನ ತೆಳುವಾದ ಕೈಯ ಅಳತೆಗೆ ಭಾವ ಚೈನು ಜೋಡಿಸಿದರು. ಕೆಲವು ಕೊಂಡಿಗಳು ಮೇಜಿನ ಮೇಲೆ ಉಳಿದವು. ನೋಡಿದರೆ, ಅವನ್ನೂ ಒಂದೊಂದಾಗಿ ಹಲಗೆಗೆ ಹಿಡಿದು ಎಳೆಯುತ್ತಿದ್ದಾರೆ!

"ಅವು ಬ್ಯಾಡದ ಕೊಂಡಿ ಅಲ್ದ ಭಾವ? ಅದಕ್ಕೆಂತಕ್ಕೆ ಗೆರೆ?" ಎಂದೆ.

ಭಾವ ತಲೆ ಎತ್ತಲಿಲ್ಲ. "ಕೈ ತುಂಬ್ಕಂಡ ಮೇಲೆ ಹಾಕವು. ಆಗ ಬೇರೆ ನಮೂನೆ ಕಂಡ್ರೆ ನಿನ್ನ ಅಕ್ಕ ಮತ್ತೆ 'ಯನ್ನ ವಾಚಲ್ಲ' ಹೇಳ್ತು."

ಹಬ್ಬದ ಬೆಳಿಗ್ಗೆ ಅಕ್ಕ ಕೈ ಚಾಚಿದಳು. ಭಾವ ಕಟ್ಟಿದರು. ಅವಳು ಹೆಬ್ಬೆರಳಿನಿಂದ ಕೊಂಡಿಗಳನ್ನು ಸವರಿ ನೋಡಿ, ಹಾಗೇ ಕಟ್ಟಿಕೊಂಡು ಅಡುಗೆಮನೆಗೆ ಹೋದಳು.

ಮೊನ್ನೆ ಭಾನುವಾರ ನಾನು ಯಲ್ಲಾಪುರಕ್ಕೆ ಹೋದಾಗ, ವಾಚು ಬಿಗಿಯಾಗುತ್ತಿದೆ ಎಂದು ಅಕ್ಕ ದೂರಿದಳು. ಭಾವ ದಬ್ಬಳ ತಂದು ಒಂದು ಕೊಂಡಿ ಸೇರಿಸಿದರು.